ಆಹಾರ, ಆರೋಗ್ಯ ಮತ್ತು ಅನುದಿನ ಧ್ಯಾನ ಕುರಿತ ಕ್ರೈಸ್ತ ಪುಸ್ತಕಗಳನ್ನು ಓದುವುದು ಹೇಗೆ?

ಪ್ರಶ್ನೆ: ಚಿಕ್ಕಬಳ್ಳಾಪುರದ ಓದುಗಿ

ಕರ್ತನಲ್ಲಿ ಎಲ್ಲರಿಗೂ ವಂದನೆಗಳು.

ನಮ್ಮ ಸಭೆಯ ಸ್ತ್ರೀಯರ ಕೂಟದಲ್ಲಿ ಈ ಸಲ ಶ್ರಮೆಯ ಕಾಲದ (ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ಕಾಲದ) ದಿನಗಳಲ್ಲಿ ಒಂದು ಪುಸ್ತಕವನ್ನು ಎಲ್ಲರೂ ಸೇರಿ ಓದಬೇಕೆಂದು ತೀರ್ಮಾನವಾಗಿದೆ. ಕೂಟದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಐವತ್ತು ದಾಟಿದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು ಯಾರನ್ನೂ ಬಿಟ್ಟಿಲ್ಲ. ಆದ್ದರಿಂದ ಆಹಾರ ಮತ್ತು ಆರೋಗ್ಯದ ಬಗ್ಗೆ ಕ್ರೈಸ್ತ ದೃಷ್ಟಿಯಲ್ಲಿ ಬರೆದ ಪುಸ್ತಕವೇ ಆಗಲಿ ಎಂಬ ಅಭಿಪ್ರಾಯ ಬಲವಾಗಿದೆ. ಈಗ ನಮ್ಮ ಮುಂದೆ ಮೂರು ಪುಸ್ತಕಗಳಿವೆ. ಒಂದು, ಬೈಬಲಿನ ಪ್ರವಾದಿ ದಾನಿಯೇಲನಂತೆ ಇಪ್ಪತ್ತೊಂದು ದಿನ ಮಾಂಸ, ಹಾಲು, ಸಕ್ಕರೆ ಬಿಟ್ಟು ಉಪವಾಸವಿರುವ ಕ್ರಮವನ್ನು ಹೇಳುವ ಇಂಗ್ಲಿಷ್ ಪುಸ್ತಕ, ಬೆಂಗಳೂರಿನಲ್ಲಿರುವ ಒಬ್ಬರ ಮಗಳು ಕಳಿಸಿದ್ದು. ಎರಡನೆಯದು, ಮನೆ ಮನೆಗೆ ಬಂದು ಪುಸ್ತಕ ಮಾರುವವರಿಂದ ಬಹಳ ಹಿಂದೆ ಕೊಂಡ, ಅಡ್ವೆಂಟಿಸ್ಟರೆಂಬ ಕ್ರೈಸ್ತ ಪಂಗಡದವರ ಆರೋಗ್ಯ ಬೋಧನೆಯ ಹಳೆಯ ಪುಸ್ತಕ. ಮೂರನೆಯದು, ದಿನಕ್ಕೊಂದು ಪುಟದಂತೆ ಒಂದು ವಚನ, ಒಂದು ಪ್ರಸಂಗ, ಒಂದು ಪ್ರಾರ್ಥನೆ ಇರುವ ಧ್ಯಾನ ಪುಸ್ತಕ.

ನನ್ನ ಗೊಂದಲಗಳು ಇವು. ಬೆಳಗಿನ ಧ್ಯಾನದ ಸಮಯದಲ್ಲಿ ಸತ್ಯವೇದದ ಜೊತೆಗೆ ಆಹಾರದ ಪುಸ್ತಕವನ್ನೂ ಓದುವುದು ಸರಿಯೇ, ಅಥವಾ ಅದು ದೇವರ ವಾಕ್ಯದ ಜಾಗವನ್ನು ತೆಗೆದುಕೊಂಡುಬಿಡುತ್ತದೆಯೇ? ಮಾಂಸಾಹಾರವು ಆತ್ಮಿಕ ಬೆಳವಣಿಗೆಗೆ ಅಡ್ಡಿ ಎಂಬ ಅರ್ಥದ ಮಾತುಗಳು ಎರಡನೆಯ ಪುಸ್ತಕದಲ್ಲಿ ಪದೇ ಪದೇ ಬರುತ್ತವೆ. ಭಾನುವಾರ ಆರಾಧನೆ ಮುಗಿಸಿ ಬಂದು ಕೋಳಿ ಸಾರು ಮಾಡುವ ನಮ್ಮ ಮನೆಗಳವರು ಅದನ್ನು ಓದಿ ನೊಂದುಕೊಂಡಿದ್ದಾರೆ. ಮೂರನೆಯದಾಗಿ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಇಪ್ಪತ್ತೊಂದು ದಿನದ ಕ್ರಮಕ್ಕೆ ಉತ್ಸಾಹದಿಂದ ಹೆಸರು ಕೊಟ್ಟಿದ್ದಾರೆ, ಅವರಲ್ಲಿ ನಮ್ಮ ಅತ್ತೆಯವರೂ ಒಬ್ಬರು. ಪುಸ್ತಕದಲ್ಲಿ ಹೇಳಿರುವ ಬಾದಾಮಿ, ಆಲಿವ್ ಎಣ್ಣೆ, ಬ್ಲೂಬೆರಿ ಇವುಗಳ ಬೆಲೆ ಕೇಳಿದರೆ ಉಪವಾಸ ತಾನಾಗಿಯೇ ಆಗುತ್ತದೆ. ಇಂಥ ಪುಸ್ತಕಗಳನ್ನು ಓದಿ ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ: ಕೋಲಾರದ ಭಾನುವಾರ ಶಾಲೆ ಶಿಕ್ಷಕ

ನೀವು ಕೇಳಿರುವುದರಲ್ಲಿ ವೈದ್ಯಕೀಯ ಭಾಗವನ್ನು ತಿಳಿದವರಿಗೆ ಬಿಟ್ಟು, ಓದಿನ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ. ನನ್ನ ಅಭಿಪ್ರಾಯ ಇಷ್ಟು: ಇಂಥ ಪುಸ್ತಕಗಳನ್ನು ಓದಬಹುದು, ಆದರೆ ಅವು ಉಲ್ಲೇಖಿಸುವ ಪ್ರತಿಯೊಂದು ವಚನಕ್ಕೂ ಸತ್ಯವೇದವನ್ನು ತೆರೆದು, ಆ ವಚನವಿರುವ ಇಡೀ ಅಧ್ಯಾಯವನ್ನು ಓದಿದ ಮೇಲೆಯೇ ಪುಸ್ತಕದ ಮುಂದಿನ ಪುಟಕ್ಕೆ ಹೋಗಬೇಕು. ಹೀಗೆ ಓದಿದರೆ ನಿಮ್ಮ ಕೂಟದವರ ಅರ್ಧ ಗೊಂದಲ ತಾನಾಗಿಯೇ ಕರಗುತ್ತದೆ.

ದಾನಿಯೇಲನನ್ನೇ ತೆಗೆದುಕೊಳ್ಳಿ. ಮೊದಲನೆಯ ಅಧ್ಯಾಯದಲ್ಲಿ ದಾನಿಯೇಲನೂ ಅವನ ಮೂವರು ಸ್ನೇಹಿತರೂ ಕಾಯಿಪಲ್ಯ ಮತ್ತು ನೀರಿನ ಮೇಲೆ ಪರೀಕ್ಷೆಗೆ ಒಪ್ಪಿಕೊಂಡದ್ದು ಹತ್ತು ದಿನ, ಇಪ್ಪತ್ತೊಂದು ದಿನವಲ್ಲ. ಅಲ್ಲಿನ ವಿಷಯ ತೂಕವಲ್ಲ, ಸೆರೆ ಹಿಡಿದ ರಾಜನ ಮೇಜಿನ ಭೋಜನದಿಂದ ತಮ್ಮನ್ನು ಅಶುದ್ಧಪಡಿಸಿಕೊಳ್ಳಬಾರದೆಂಬ ನಿಶ್ಚಯ. ಹತ್ತು ದಿನ ಮುಗಿದಾಗ ಅವರು ತೆಳ್ಳಗಾಗಲಿಲ್ಲ, ರಾಜನ ಆಹಾರ ತಿಂದವರಿಗಿಂತ ಮೈತುಂಬಿಕೊಂಡು ಕಾಣಿಸಿದರು ಎಂದು 15ನೆಯ ವಚನ ಹೇಳುತ್ತದೆ. ತೂಕ ಇಳಿಸುವ ಪುಸ್ತಕಗಳ ರಕ್ಷಾಪುಟದ ಮೇಲೆ ದಾನಿಯೇಲನ ಹೆಸರು ಕಂಡಾಗಲೆಲ್ಲ ಈ ವಚನ ನೆನಪಾಗಿ ನನಗೆ ನಗು ಬರುತ್ತದೆ. ಇಪ್ಪತ್ತೊಂದು ದಿನದ ಲೆಕ್ಕ ಬಂದಿರುವುದು ಹತ್ತನೆಯ ಅಧ್ಯಾಯದಿಂದ. ಅಲ್ಲಿ ಅವನು ಮೂರು ವಾರ ದುಃಖದಲ್ಲಿದ್ದು ರುಚಿಯಾದ ಆಹಾರ, ಮಾಂಸ, ದ್ರಾಕ್ಷಾರಸ ಮುಟ್ಟಲಿಲ್ಲ, ಎಣ್ಣೆಯನ್ನೂ ಹಚ್ಚಿಕೊಳ್ಳಲಿಲ್ಲ. ಮೂರು ವಾರ ಬಿಟ್ಟನು ಎಂದು ಎತ್ತಿ ಹೇಳಿರುವುದರಿಂದಲೇ, ಮಿಕ್ಕ ದಿನಗಳಲ್ಲಿ ಅವನು ಅವುಗಳನ್ನು ಉಪಯೋಗಿಸುತ್ತಿದ್ದನೆಂದು ತಿಳಿಯುತ್ತದೆ. ಎರಡು ಅಧ್ಯಾಯಗಳನ್ನು ಬೆಸೆದು ಮಾಡಿದ ಊಟದ ಪಟ್ಟಿ ಇಂದಿನವರದು. ಅದು ಒಳ್ಳೆಯದಿರಬಹುದು, ಆದರೆ ಅದು ದಾನಿಯೇಲನ ಆಜ್ಞೆಯಲ್ಲ.

ಯೆಹೆಜ್ಕೇಲನ ನಾಲ್ಕನೆಯ ಅಧ್ಯಾಯದ ರೊಟ್ಟಿಗೂ ಇದೇ ಗತಿ. ಗೋಧಿ, ಜವೆಗೋಧಿ, ಕಾಳುಗಳು, ಸಿರಿಧಾನ್ಯ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಮಾಡುವ ಆ ರೊಟ್ಟಿಯನ್ನು ಈಗ ಪರಿಪೂರ್ಣ ಆಹಾರವೆಂದು ಅಮೆರಿಕದ ಅಂಗಡಿಗಳಲ್ಲಿ ಮಾರುತ್ತಾರೆ. ಮೂಲದಲ್ಲಿ ಅದು ಯೆರೂಸಲೇಮಿನ ಮುತ್ತಿಗೆಯ ಸಮಯದ ಬರಗಾಲದ ಗುರುತು. ದಿನಕ್ಕೆ ಇಪ್ಪತ್ತು ಶೆಕೆಲ್ ತೂಕ, ಅಂದರೆ ಕಾಲು ಕಿಲೋಗಿಂತಲೂ ಕಡಿಮೆ, ನೀರು ಕೂಡ ಅಳತೆಯಲ್ಲಿ. ಒಂದೇ ಧಾನ್ಯ ಸಾಕಷ್ಟು ಸಿಗದೆ ಇದ್ದಬದ್ದದ್ದನ್ನು ಬೆರೆಸಿ ತಿನ್ನುವ ಸಂಕಟವನ್ನು ಪ್ರವಾದಿ ಜನರ ಕಣ್ಣೆದುರಿಗೆ ಅಭಿನಯಿಸಿ ತೋರಿಸುತ್ತಿದ್ದನು. ಕಾಳು ಮತ್ತು ಧಾನ್ಯ ಬೆರೆಸಿ ತಿನ್ನುವುದು ಪೌಷ್ಟಿಕವೆಂಬುದು ನಿಜ, ಆದರೆ ಅದನ್ನು ಹೇಳಲು ಯೆಹೆಜ್ಕೇಲನನ್ನು ಸಾಕ್ಷಿಗೆ ಕರೆಯಬೇಕಾಗಿಲ್ಲ.

ಮಾಂಸದ ವಿಷಯಕ್ಕೆ ಬಂದರೆ, ಆದಿಕಾಂಡ 1:29ರಲ್ಲಿ ಸಸ್ಯಾಹಾರ, 9:3ರಲ್ಲಿ ನೋಹನಿಗೆ ಚಲಿಸುವ ಜೀವಿಗಳೂ ಆಹಾರ. ಪುಸ್ತಕಗಳು ಮೊದಲನೆಯದನ್ನು ದೊಡ್ಡಕ್ಷರದಲ್ಲಿ ಹಾಕಿ ಎರಡನೆಯದನ್ನು ಬಿಟ್ಟುಬಿಡುವುದುಂಟು. ಮಾರ್ಕ 7ರಲ್ಲಿ ಹೊರಗಿನಿಂದ ಒಳಗೆ ಹೋಗುವುದು ಮನುಷ್ಯನನ್ನು ಅಶುದ್ಧ ಮಾಡುವುದಿಲ್ಲವೆಂದು ಯೇಸು ಸ್ವಾಮಿಯೇ ಹೇಳಿದ್ದಾರೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೆಯ ಅಧ್ಯಾಯವನ್ನು ನಿಮ್ಮ ಕೂಟದಲ್ಲಿ ಪುಸ್ತಕ ಶುರುಮಾಡುವ ಮೊದಲೇ ಪೂರ್ತಿಯಾಗಿ ಓದಿಸಿ ಎಂಬುದು ನನ್ನ ವಿನಂತಿ. ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಮಾಡಬಾರದು ಎಂಬುದು ಅಲ್ಲಿಯ ಮಾತಿನ ಸಾರ. ಹಾಗೆಯೇ ನಿಮ್ಮ ದೇಹವು ಪವಿತ್ರಾತ್ಮನ ಆಲಯ ಎಂಬ 1 ಕೊರಿಂಥ 6:19ನ್ನು ಆಹಾರದ ಪುಸ್ತಕಗಳೆಲ್ಲ ಬಳಸುತ್ತವೆ, ಆದರೆ ಆ ಭಾಗದಲ್ಲಿ ಪೌಲನು ಮಾತನಾಡುತ್ತಿರುವುದು ಜಾರತ್ವದ ಬಗ್ಗೆ. ದೇಹವನ್ನು ಹಾಳುಮಾಡಿಕೊಳ್ಳಬಾರದೆಂಬ ತತ್ವವನ್ನು ಅಲ್ಲಿಂದ ಊಟಕ್ಕೂ ಅನ್ವಯಿಸಿಕೊಳ್ಳಬಹುದು, ಆದರೆ ಅದು ನಾವು ಮಾಡಿಕೊಳ್ಳುವ ಅನ್ವಯವೆಂಬುದು ಓದುವವರಿಗೆ ತಿಳಿದಿರಬೇಕು. ತಿಂದರೂ ಕುಡಿದರೂ ದೇವರ ಮಹಿಮೆಗಾಗಿ ಮಾಡಿರಿ ಎನ್ನುವ 10:31 ಕೂಡ ವಿಗ್ರಹಕ್ಕೆ ಅರ್ಪಿಸಿದ ಪದಾರ್ಥ, ಮಾರುಕಟ್ಟೆಯ ಮಾಂಸ, ನೆರೆಯವರ ಮನೆಯ ಊಟದ ಕರೆ ಇವುಗಳ ನಡುವೆ ಬರುವ ಮಾತು. ಆ ಪ್ರಶ್ನೆ ನಮ್ಮ ಬೀದಿಗಳಲ್ಲಿ ಬದುಕುವವರಿಗೆ ಹೊಸದೇನೂ ಅಲ್ಲ.

ಇನ್ನು ಬೆಳಗಿನ ಧ್ಯಾನ. ಆಹಾರದ ಪುಸ್ತಕವನ್ನು ಆ ಹೊತ್ತಿಗೆ ತರಬೇಡಿ, ಕೂಟ ಸೇರುವ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಬೆಳಿಗ್ಗೆ ಎದ್ದು ಮೊದಲು ಓದುವುದು ಏನು ತಿನ್ನಬೇಕೆಂಬ ಪಟ್ಟಿಯಾದರೆ, ಪ್ರಾರ್ಥನೆಯೂ ನಿಧಾನವಾಗಿ ತನ್ನ ದೇಹದ ಸುತ್ತಲೇ ತಿರುಗಲು ತೊಡಗುತ್ತದೆ. ದಿನಕ್ಕೊಂದು ಪುಟದ ಧ್ಯಾನ ಪುಸ್ತಕದ ಬಗ್ಗೆಯೂ ನನಗೆ ಸ್ವಲ್ಪ ತಕರಾರಿದೆ. ಒಂದು ವಚನ, ಅದಕ್ಕೊಂದು ಮನಮುಟ್ಟುವ ಪ್ರಸಂಗ ಎಂಬ ಕ್ರಮದಲ್ಲಿ ವರ್ಷವಿಡೀ ಓದಿದವರಿಗೂ ಯೆರೆಮೀಯನ ಪುಸ್ತಕದಲ್ಲಿ ಏನಿದೆಯೆಂದು ಗೊತ್ತಿರುವುದಿಲ್ಲ. ಸತ್ಯವೇದದಲ್ಲಿ 66 ಪುಸ್ತಕಗಳು, 1,189 ಅಧ್ಯಾಯಗಳಿವೆ. ದಿನಕ್ಕೆ ಮೂರು ಅಧ್ಯಾಯ, ಭಾನುವಾರ ಐದು ಎಂದಿಟ್ಟುಕೊಂಡರೆ ವರ್ಷದೊಳಗೆ ಮುಗಿಯುತ್ತದೆ. ಸ್ಕಾಟ್ಲೆಂಡಿನ ಸಭಾಪಾಲಕ ರಾಬರ್ಟ್ ಮರ್ರೆ ಮೆಕ್‌ಚೇನ್ 1842ರಲ್ಲಿ ತನ್ನ ಸಭೆಗಾಗಿ ಮಾಡಿದ ಕ್ರಮದಲ್ಲಿ ದಿನಕ್ಕೆ ನಾಲ್ಕು ಕಡೆ ಓದಿ, ಹೊಸ ಒಡಂಬಡಿಕೆಯನ್ನೂ ಕೀರ್ತನೆಗಳನ್ನೂ ವರ್ಷಕ್ಕೆ ಎರಡು ಸಲ ಮುಗಿಸುತ್ತಾರೆ. ಅದು ನಿಮ್ಮ ಹಿರಿಯರಿಗೆ ಹೊರೆಯಾದೀತು. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯಗಳಿರುವುದರಿಂದ ತಾರೀಖಿಗೆ ಸರಿಯಾಗಿ ದಿನಕ್ಕೊಂದು ಓದಬಹುದು. ಊಟದ ಮಿತಿಯ ಬಗ್ಗೆಯೂ ಅದರಲ್ಲಿ ಬೇಕಾದಷ್ಟಿದೆ. ಜೇನು ಸಿಕ್ಕಿದರೆ ಸಾಕಾಗುವಷ್ಟು ಮಾತ್ರ ತಿನ್ನಬೇಕೆಂಬ 25ನೆಯ ಅಧ್ಯಾಯದ ಬುದ್ಧಿಮಾತು ಸಕ್ಕರೆ ಕಾಯಿಲೆಯವರಿಗೆಂದೇ ಬರೆದಂತಿದೆ.

ಉತ್ತರ: ನಿವೃತ್ತ ಶುಶ್ರೂಷಕಿ, ಕೋಲಾರ

ಮೇಲಿನವರು ನನಗೆ ಬಿಟ್ಟಿರುವ ಭಾಗವನ್ನು ಹೇಳುತ್ತೇನೆ. ನಿಮ್ಮ ಅತ್ತೆಯವರು ಹೆಸರು ಕೊಟ್ಟಿರುವುದನ್ನು ತಡೆಯಬೇಡಿ, ಆದರೆ ಆರಂಭಿಸುವ ಮೊದಲು ಅವರು ನುಂಗುವ ಮಾತ್ರೆಗಳ ಪಟ್ಟಿಯೊಂದಿಗೆ ವೈದ್ಯರನ್ನು ಕಾಣಲೇಬೇಕು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಊಟ ಕಡಿಮೆಯಾದರೂ ಸಕ್ಕರೆ ತೀರಾ ಕುಸಿಯುವ ಸಂಭವ ಕಡಿಮೆ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರ ಸ್ಥಿತಿ ಬೇರೆ. ಔಷಧಿಯ ಪ್ರಮಾಣ ಹಾಗೆಯೇ ಇದ್ದು ಅನ್ನ, ಮುದ್ದೆ ಇಳಿದರೆ ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗೆ ಹೋಗಬಹುದು. ಬೆವರು, ನಡುಕ, ಕಣ್ಣು ಮಂಜಾಗುವುದು, ಮಾತು ತೊದಲುವುದು ಅದರ ಲಕ್ಷಣಗಳು. ಆ ಹೊತ್ತಿನಲ್ಲಿ ಉಪವಾಸ ಮುರಿಯಬಾರದೆಂದು ಕೂರುವುದು ಭಕ್ತಿಯಲ್ಲ, ಅಪಾಯ. ಕೂಡಲೇ ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಈಚೆಗೆ ಹೆಚ್ಚು ಬರೆದುಕೊಡುತ್ತಿರುವ ಡಾಪಾಗ್ಲಿಫ್ಲೋಜಿನ್ ಎಂಬ ಮಾತ್ರೆಯವರು ಅನ್ನ, ರಾಗಿ ಎಲ್ಲವನ್ನೂ ಒಮ್ಮೆಗೇ ಬಿಟ್ಟರೆ, ಸಕ್ಕರೆ ಹೆಚ್ಚಿಲ್ಲದಿದ್ದರೂ ರಕ್ತದಲ್ಲಿ ಆಮ್ಲದ ಅಂಶ ಏರುವ ಗಂಭೀರ ತೊಂದರೆಯಾಗಬಹುದು. ಮೂತ್ರಪಿಂಡದ ಕಾಯಿಲೆಯವರಿಗೆ ಸೊಪ್ಪು, ಕಾಳು, ಎಳನೀರಿನ ಮೇಲೂ ಮಿತಿ ಇರುತ್ತದೆ. ನಾನು ನೋಡಿದ ಉಪವಾಸದ ಪುಸ್ತಕಗಳಲ್ಲಿ ವೈದ್ಯರನ್ನು ಕೇಳಿ ಎಂಬ ಒಂದು ಸಾಲು ಮೊದಲ ಪುಟದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಕೂಟದಲ್ಲಿ ಆ ಸಾಲನ್ನು ಗಟ್ಟಿಯಾಗಿ ಓದಿಸಿ.

ಬಾದಾಮಿ, ಬ್ಲೂಬೆರಿಗಳ ಚಿಂತೆಯನ್ನು ಬಿಡಿ. ಪುಸ್ತಕ ಬರೆದವರು ತಮ್ಮ ಊರಿನ ಸಂತೆಯಲ್ಲಿ ಸಿಗುವುದನ್ನು ಬರೆದಿದ್ದಾರೆ, ನಾವು ನಮ್ಮ ಸಂತೆಯಲ್ಲಿ ಸಿಗುವುದನ್ನು ತಿನ್ನೋಣ. ಬಾದಾಮಿಯ ಬದಲು ಪಾವಗಡದ ಕಡೆಯ ಕಡಲೆಕಾಯಿ, ಹುರಿದ ಹುರುಳಿ; ಬ್ಲೂಬೆರಿಯ ಬದಲು ಸೀಬೆಹಣ್ಣು, ನೆಲ್ಲಿಕಾಯಿ. ಹಾಲು ಬಿಡಬೇಕೆಂದಿರುವ ದಿನಗಳಲ್ಲಿ ರಾಗಿ ನಮಗೆ ದೊಡ್ಡ ಆಸರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ಬಸ್ಸಾರು, ಮಸ್ಸೊಪ್ಪು, ಉಪ್ಪೆಸರು, ಹುರುಳಿಕಾಳಿನ ಸಾರು ಮಾಡಿಕೊಂಡು ಬಂದ ನಮ್ಮ ಸೀಮೆಯ ಅಡುಗೆಮನೆಗೆ ದಾನಿಯೇಲನ ಕಾಯಿಪಲ್ಯ ಹೊಸದಾಗಿ ಕಲಿಸುವುದು ಹೆಚ್ಚೇನೂ ಇಲ್ಲ. ಆದರೆ ಒಂದು ಎಚ್ಚರಿಕೆ: 2023ರ ಸಿರಿಧಾನ್ಯ ವರ್ಷದ ಪ್ರಚಾರದ ನಂತರ ರಾಗಿ ಎಷ್ಟು ತಿಂದರೂ ಸಕ್ಕರೆ ಏರುವುದಿಲ್ಲವೆಂಬ ನಂಬಿಕೆ ಬೆಳೆದಿದೆ. ರಾಗಿಯೂ ಪಿಷ್ಟವೇ, ನುಣ್ಣನೆಯ ಹಿಟ್ಟಿನ ದೊಡ್ಡ ಮುದ್ದೆ ಸಕ್ಕರೆಯನ್ನು ಏರಿಸಿಯೇ ಏರಿಸುತ್ತದೆ. ಮುದ್ದೆ ಚಿಕ್ಕದಾಗಲಿ, ಸೊಪ್ಪು ಮತ್ತು ಕಾಳು ಹೆಚ್ಚಾಗಲಿ. ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ ಮೀರಬಾರದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಾಂಸ ಬಿಟ್ಟ ದಿನ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಮೇಲೆ ಕೈ ಹೆಚ್ಚು ಹೋಗುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಪುಸ್ತಕಗಳು ಹೇಳದ ಇನ್ನೊಂದು ವಿಷಯವಿದೆ. ಧಾರಾಳವಾಗಿ ನೀರು ಕುಡಿಯಿರಿ ಎಂದು ಎಲ್ಲ ಆರೋಗ್ಯ ಪುಸ್ತಕಗಳಲ್ಲೂ ಇರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ ಮತ್ತು ತುಮಕೂರಿನ ಪಾವಗಡದ ಕಡೆ ಆಳದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತದೆ, ಇನ್ನೂ ಹೆಚ್ಚಾದರೆ ಮೂಳೆ, ಕೀಲು ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಂತೆ ಅದರ ಸಾಂದ್ರತೆ ಹೆಚ್ಚುತ್ತದೆ. ನಿಮ್ಮ ಕೂಟದವರ ಮಂಡಿನೋವಿಗೆ ಕಾರಣ ವಯಸ್ಸೇ ಇರಬಹುದು. ಆದರೂ ನೀವು ಕುಡಿಯುವುದು ಯಾವ ನೀರು, ಅದರ ಪರೀಕ್ಷೆಯಾಗಿದೆಯೇ ಎಂದು ಕೇಳಿಕೊಂಡ ಮೇಲೆ ಎಂಟು ಲೋಟದ ಮಾತು ಆಡಿ.

ಉತ್ತರ: ತುಮಕೂರಿನ ಹಳೆಯ ಪುಸ್ತಕ ಪ್ರಿಯ

ನಿಮ್ಮ ಎರಡನೆಯ ಪುಸ್ತಕದ ಬಗ್ಗೆ ಯಾರೂ ಹೆಚ್ಚು ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಅಡ್ವೆಂಟಿಸ್ಟರ ಆರೋಗ್ಯ ಬೋಧನೆಯ ಬೇರು ಅಮೆರಿಕದ ಎಲೆನ್ ವೈಟ್ ಅವರಲ್ಲಿದೆ. 1827ರಲ್ಲಿ ಹುಟ್ಟಿ 1915ರಲ್ಲಿ ತೀರಿಕೊಂಡ ಈಕೆ, 1863ರ ದರ್ಶನವೊಂದರ ನಂತರ ಆಹಾರ ಸುಧಾರಣೆಯ ಬಗ್ಗೆ ಸತತವಾಗಿ ಬರೆದರು. ಅವರ ಆರೋಗ್ಯ ಗ್ರಂಥಗಳಲ್ಲಿ ಮುಖ್ಯವಾದದ್ದು 1905ರಲ್ಲಿ ಪ್ರಕಟವಾಯಿತು. ಆಕೆ ಬರೆದ ಕಾಲದಲ್ಲಿ ವೈದ್ಯರೇ ಪಾದರಸದ ಔಷಧಿ ಕೊಡುತ್ತಿದ್ದರು, ಶ್ವಾಸಕೋಶದ ರೋಗಕ್ಕೆ ತಂಬಾಕು ಸೂಚಿಸುವವರೂ ಇದ್ದರು. ಅಂಥ ಕಾಲದಲ್ಲಿ ತಂಬಾಕು ವಿಷ, ಶುದ್ಧ ಗಾಳಿ, ಬಿಸಿಲು, ವ್ಯಾಯಾಮ, ವಿಶ್ರಾಂತಿ ಔಷಧಿ ಎಂದು ಬರೆದದ್ದು ಚಿಕ್ಕ ಮಾತಲ್ಲ. ಅದೇ ಬೋಧನೆಯಲ್ಲಿ ಮೆಣಸು, ಸಾಸಿವೆ, ಮಸಾಲೆಗಳು ಹೊಟ್ಟೆಯನ್ನು ಕೆರಳಿಸುತ್ತವೆ, ದಿನಕ್ಕೆ ಮೂರಕ್ಕಿಂತ ಎರಡು ಊಟ ಅನೇಕರಿಗೆ ಒಳ್ಳೆಯದು ಎಂಬ ಮಾತುಗಳೂ ಇವೆ. ಸಾಸಿವೆ ಒಗ್ಗರಣೆ ಇಲ್ಲದ ಸಾರನ್ನು ತುಮಕೂರಿನಲ್ಲಿ ಯಾರೂ ಒಪ್ಪಲಾರರು. ಎರಡು ಊಟದ ಸಲಹೆ ಮಾತ್ರೆ ನುಂಗುವವರಿಗೆ ಏಕೆ ಸರಿಹೋಗದು ಎನ್ನುವುದು ಮೇಲಿನ ಉತ್ತರದಿಂದಲೇ ತಿಳಿಯುತ್ತದೆ. ಗಮನಿಸಬೇಕಾದದ್ದೆಂದರೆ, ಆಹಾರವು ಋತುವಿಗೆ, ಹವೆಗೆ, ಮಾಡುವ ಕೆಲಸಕ್ಕೆ ಹೊಂದಬೇಕೆಂದೂ ಬದಲಾವಣೆ ಹಂತ ಹಂತವಾಗಿ ಆಗಬೇಕೆಂದೂ ಆ 1905ರ ಗ್ರಂಥದಲ್ಲೇ ಆಕೆ ಬರೆದಿದ್ದಾರೆ. ಸಾರಾಂಶ ಮಾಡುವವರು ಆ ಭಾಗವನ್ನು ಕೈಬಿಟ್ಟು ನಿಷೇಧಗಳನ್ನು ಮಾತ್ರ ಉಳಿಸಿಕೊಂಡಾಗ ನಿಮ್ಮ ಕೂಟದವರಿಗಾದಂಥ ನೋವು ಆಗುತ್ತದೆ.

ಆ ಜೀವನಕ್ರಮಕ್ಕೆ ಫಲವಿದೆಯೇ ಎಂದು ಕೇಳುವವರಿಗೆ ಉತ್ತರವೂ ಇದೆ. ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದವರು 2002ರಿಂದ ಅಮೆರಿಕ ಮತ್ತು ಕೆನಡಾದ ಸುಮಾರು 96,000 ಅಡ್ವೆಂಟಿಸ್ಟರನ್ನು ಅಧ್ಯಯನಕ್ಕೆ ಸೇರಿಸಿಕೊಂಡರು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಅವರೊಳಗಿನ ಮಾಂಸಾಹಾರಿಗಳಿಗಿಂತ ಸಸ್ಯಾಹಾರದ ಗುಂಪುಗಳವರ ಸಾವಿನ ಪ್ರಮಾಣ ಶೇ. 12ರಷ್ಟು ಕಡಿಮೆಯಿತ್ತು. ಆ ಗುಂಪುಗಳಲ್ಲಿ ಮೀನು ತಿನ್ನುವವರೂ ಸೇರಿದ್ದರು, ಅವರ ಸ್ಥಿತಿಯೂ ಚೆನ್ನಾಗಿಯೇ ಇತ್ತು. ಇದು ಜನರ ಬದುಕನ್ನು ಗಮನಿಸಿ ಮಾಡಿದ ಅಧ್ಯಯನ, ಆಹಾರವೊಂದೇ ಕಾರಣವೆಂದು ಇದರಿಂದ ಸಾಧಿಸಲಾಗದು. ಅದೂ ಅಲ್ಲದೆ ಆಯುಷ್ಯದ ಲೆಕ್ಕ ಬೇರೆ, ಪರಿಶುದ್ಧತೆಯ ಲೆಕ್ಕ ಬೇರೆ; ಪುಸ್ತಕವು ಮೊದಲನೆಯದರಿಂದ ಎರಡನೆಯದಕ್ಕೆ ಜಿಗಿಯುವ ಕಡೆಯಲ್ಲೆಲ್ಲ ನಿಂತು ಪ್ರಶ್ನಿಸಬೇಕು.

ಬೇರೆ ಪಂಗಡದವರ ಪುಸ್ತಕವೆಂದು ಕೆಲವರು ದೂರವಿಡಬಹುದು. ಅವರಿಗೆ ಜಾನ್ ವೆಸ್ಲಿಯವರನ್ನು ನೆನಪಿಸಿ. ತುಮಕೂರು, ಗುಬ್ಬಿಯ ಹಳೆಯ ಸಭೆಗಳು ವೆಸ್ಲಿಯನ್ ಮಿಷನ್ನಿನವು, ಕೋಲಾರದ್ದು ಮೆಥೊಡಿಸ್ಟ್ ಸಭೆ, ಇಬ್ಬರಿಗೂ ಮೂಲಪುರುಷ ಅವರೇ. ಅವರು 1747ರಲ್ಲಿ ಬಡವರಿಗಾಗಿ ಮನೆಮದ್ದಿನ ಪುಸ್ತಕವೊಂದನ್ನು ಪ್ರಕಟಿಸಿದರು, ಅವರ ಜೀವಿತಕಾಲದಲ್ಲೇ ಅದು ಇಪ್ಪತ್ತಕ್ಕೂ ಹೆಚ್ಚು ಬಾರಿ ಅಚ್ಚಾಯಿತು. ಮಿತವಾಗಿ ತಿನ್ನಿ, ನಡೆಯಿರಿ, ಬೇಗ ಮಲಗಿ ಬೇಗ ಏಳಿ ಎಂಬ ಅದರ ಮಾತು ಇಂದಿಗೂ ನಿಲ್ಲುತ್ತದೆ. ಅದೇ ಪುಸ್ತಕದಲ್ಲಿ ಕರುಳು ತಿರುಚಿಕೊಂಡವರಿಗೆ ಪಾದರಸ ನುಂಗಿಸುವ ಚಿಕಿತ್ಸೆಯೂ ಇದೆ! ವೆಸ್ಲಿಯವರ ಪ್ರಸಂಗಗಳನ್ನು ಗೌರವಿಸುವ ನಾವು ಆ ಪಾದರಸವನ್ನು ನುಂಗುವುದಿಲ್ಲವಲ್ಲ, ಅಷ್ಟೇ ಸ್ವಾತಂತ್ರ್ಯದಿಂದ ನಿಮ್ಮ ಕಪಾಟಿನ ಹಳೆಯ ಪುಸ್ತಕವನ್ನೂ ಓದಬಹುದು.

ಉತ್ತರ: ಕೆ.ಜಿ.ಎಫ್. ಕಥೋಲಿಕ ಓದುಗ

ಚಿಕ್ಕ ಮಾತೊಂದನ್ನು ಸೇರಿಸುತ್ತೇನೆ. ನಮ್ಮಲ್ಲಿ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರದಂದು ಉಪವಾಸ, ಅಂದರೆ ಒಂದು ಪೂರ್ಣ ಊಟ ಮತ್ತು ಎರಡು ಅಲ್ಪಾಹಾರ. ತಪಸ್ಸುಕಾಲದ, ಅಂದರೆ ನೀವು ಶ್ರಮೆಯ ಕಾಲವೆನ್ನುವ ದಿನಗಳ, ಶುಕ್ರವಾರಗಳಲ್ಲಿ ಮಾಂಸ ವರ್ಜ್ಯ. ಉಪವಾಸದ ಕಟ್ಟಳೆ ಹದಿನೆಂಟು ತುಂಬಿದವರಿಂದ ಅರವತ್ತನೆಯ ವಯಸ್ಸಿಗೆ ಕಾಲಿಡುವವರೆಗೆ ಮಾತ್ರ, ಕಾಯಿಲೆಯವರಿಗೆ ವಿನಾಯಿತಿ ಇದೆ. ಹಿರಿಯರನ್ನು ಬಿಡುಗಡೆ ಮಾಡಿರುವುದು ಅವರ ಭಕ್ತಿಯ ಮೇಲಿನ ಅನುಮಾನದಿಂದಲ್ಲ. ಮಾಂಸ ಅಶುದ್ಧವೆಂದೂ ನಾವು ಬಿಡುವುದಿಲ್ಲ, ಒಳ್ಳೆಯದೆಂದು ತಿಳಿದೇ ಬಿಡುತ್ತೇವೆ. ಬಿಟ್ಟದ್ದರ ಹಣ ದಾನಕ್ಕೆ ಹೋಗಬೇಕು. ಆಲಿವ್ ಎಣ್ಣೆಗೆ ಹೋದರೆ ಲೆಕ್ಕ ತಪ್ಪಿತು.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಧನ್ಯವಾದಗಳು. ಈ ಉತ್ತರಗಳನ್ನು ನಮ್ಮ ಸಭಾಪಾಲಕರಿಗೂ ಕೂಟದ ಕಾರ್ಯದರ್ಶಿಯವರಿಗೂ ಓದಿ ಹೇಳಿದೆ. ಮೊದಲ ವಾರ ಯಾವ ಪುಸ್ತಕವನ್ನೂ ತೆರೆಯದೆ ದಾನಿಯೇಲನ ಮೊದಲ ಮತ್ತು ಹತ್ತನೆಯ ಅಧ್ಯಾಯಗಳನ್ನೂ ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೆಯ ಅಧ್ಯಾಯವನ್ನೂ ಓದುವುದು, ನಂತರ ಬುಧವಾರ ಮಧ್ಯಾಹ್ನಗಳಲ್ಲಿ ಹಳೆಯ ಆರೋಗ್ಯ ಪುಸ್ತಕವನ್ನು ಅಧ್ಯಾಯವಾರು ಚರ್ಚಿಸುವುದು ಎಂದಾಗಿದೆ. ಮನೆಗಳಲ್ಲಿ ಬೆಳಿಗ್ಗೆ ಜ್ಞಾನೋಕ್ತಿಗಳು. ಅತ್ತೆಯವರು ಇಪ್ಪತ್ತೊಂದು ದಿನದ ಹಟ ಬಿಟ್ಟಿಲ್ಲ. ಅವರ ಚೀಟಿಯಲ್ಲಿ ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಕೂಡ ಇದೆ. ಮುದ್ದೆ, ಕಾಳು, ಸೊಪ್ಪು ಮೂರು ಹೊತ್ತೂ ತಿಂದು ಮಾಂಸ, ಹಾಲು, ಸಿಹಿ ಮಾತ್ರ ಬಿಟ್ಟರೆ ಮಾತ್ರೆ ಬದಲಿಸಬೇಕಾಗುತ್ತದೆಯೇ?

ಉತ್ತರ: ನಿವೃತ್ತ ಶುಶ್ರೂಷಕಿ, ಕೋಲಾರ

ಮೂರು ಹೊತ್ತೂ ಹೊತ್ತಿಗೆ ಸರಿಯಾಗಿ ಊಟ ಮಾಡುವುದಾದರೆ ಅಪಾಯ ಬಹಳ ಕಡಿಮೆಯಾಗುತ್ತದೆ, ಆದರೂ ಪ್ರಮಾಣ ನಿರ್ಧರಿಸಬೇಕಾದವರು ಅವರ ವೈದ್ಯರು, ನಾನಲ್ಲ. ಈ ವಾರವೇ ಬೆಳಿಗ್ಗೆ ಖಾಲಿ ಹೊಟ್ಟೆಯ ಮತ್ತು ಊಟವಾಗಿ ಎರಡು ಗಂಟೆಯ ನಂತರದ ಸಕ್ಕರೆ ಪರೀಕ್ಷೆ ಮಾಡಿಸಿ, ಆ ಚೀಟಿಯನ್ನೂ ಪುಸ್ತಕದಲ್ಲಿರುವ ಊಟದ ಪಟ್ಟಿಯನ್ನೂ ವೈದ್ಯರ ಮುಂದಿಡಿ. ಮಾತ್ರೆ ನುಂಗಿ ಪ್ರಾರ್ಥನೆಗೆ ಕೂತು ತಿಂಡಿಯನ್ನು ತಡಮಾಡುವ ಅಭ್ಯಾಸ ಹಿರಿಯರಲ್ಲಿ ಬಹಳ. ಗ್ಲಿಮೆಪಿರೈಡ್ ಇರುವವರು ಪ್ರಾರ್ಥನೆ ಮುಗಿಸಿ, ತಟ್ಟೆ ಮುಂದೆ ಬಂದ ಮೇಲೆಯೇ ಮಾತ್ರೆ ನುಂಗಲಿ.